ಎಣಿಕೆಗೆ ಬಾರದ ಗಂಡಂದಿರು



ಹೋದ ತಿಂಗಳು ಸಂಪಾದಕರು ನನ್ನ ಕಡೆಗೆ ಕಳುಹಿದ ಕಾಗದಗಳಲ್ಲಿ ಒಂದಕ್ಕೆ ಹೆಸರಿರಲಿಲ್ಲ, ಊರೂ ಇರಲಿಲ್ಲ. ಅಕ್ಷರಗಳು ಮಾತ್ರ ದುಂಡಗೆ, ಒಂದೇ ಅಳತೆಯಲ್ಲಿದ್ದವು. ಬರೆದವರು ಎರಡು ಮಕ್ಕಳ ತಾಯಿ. ತಮ್ಮ ಯಜಮಾನರು ಬೇರೊಂದು ಕಡೆಗೆ ಹೋಗಿಬರುವ ಸಂಗತಿಯು ಅವರಿಗೆ ಮೂರು ವರ್ಷಗಳಿಂದ ಗೊತ್ತಿದೆ. ಒಂದು ದಿನ ತಡೆಯಲಾರದೆ ಅತ್ತೆಯವರ ಮುಂದೆ ಅತ್ತು ಹೇಳಿಕೊಂಡರಂತೆ. ಆ ಹಿರಿಯರು ಮಗನನ್ನು ಬಯ್ಯಲಿಲ್ಲ, ಸೊಸೆಯನ್ನೂ ಬಯ್ಯಲಿಲ್ಲ. "ಗಂಡಸರೆಲ್ಲ ಹಂಗೇ ಇರ್ತಾರವ್ವಾ, ಯಾರ ಮನ್ಯಾಗ ಇಲ್ಲ ಹೇಳು" ಎಂದು ಸೆರಗಿನಿಂದ ಸೊಸೆಯ ಕಣ್ಣೊರೆಸಿ ಅಡಿಗೆಮನೆಗೆ ಹೋದರಂತೆ. ಕಾಗದದ ಕೊನೆಗೆ ಪ್ರಶ್ನೆಯಿದೆ: "ಗುರುಗಳೇ, ಇದು ನಿಜವೇ? ಎಲ್ಲರೂ ಹಾಗೆಯೇ? ನೂರಕ್ಕೆ ಎಷ್ಟು ಜನ?"

ಇಂಥ ಸಂಕಟದಲ್ಲಿ ಬೇರೆಯವರಾಗಿದ್ದರೆ ಸಮಾಧಾನವನ್ನು ಕೇಳುತ್ತಿದ್ದರು, ಉಪಾಯವನ್ನು ಕೇಳುತ್ತಿದ್ದರು, ವ್ರತವನ್ನಾದರೂ ಕೇಳುತ್ತಿದ್ದರು. ಈ ತಾಯಿ ಕೇಳಿದ್ದು ಅಂಕೆಯನ್ನು. ನಾನು ಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟವನು. ಗಣಿತವು ನನ್ನ ವಿಷಯವಲ್ಲ. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಹೇಳುವದು ಮಾಸ್ತರನ ಹಳೆಯ ಚಟ. ಎಂಟು ದಿವಸ ಜವಳಗೇರಾದ ಕಾಲುವೆಯ ದಂಡೆಯ ಮೇಲೆ ಸಂಜೆ ತಿರುಗಾಡುವಾಗ ಇದೇ ವಿಚಾರವು ನನ್ನ ಸಂಗಡ ನಡೆಯಿತು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದನ್ನು ಎತ್ತಬಹುದೇ ಎಂಬ ಸಂಶಯವೂ ಬಾರದೆ ಇರಲಿಲ್ಲ. ಆದರೆ ಮನೆಯೊಳಗೆ ನಡೆಯುವ ಸಂಗತಿಯನ್ನು ಮನೆಯ ಪತ್ರಿಕೆಯಲ್ಲಿ ಬರೆಯದೆ ಪೇಟೆಯ ಬಾಜಾರಭಾವದ ಪುಟದಲ್ಲಿ ಬರೆಯುವದಾದೀತೇ? ಕಿರಿಯರು ಓದಿದರೆ ಕೆಟ್ಟುಹೋಗುವಂಥ ಮಾತು ಇದರಲ್ಲಿ ಇಲ್ಲ. ಹಿರಿಯರು ಓದಿದರೆ ಕೆಲವರಿಗೆ ಇರಸುಮುರಸಾಗಬಹುದು, ಅಷ್ಟೇ.

ಮೊದಲು ಅಂಕೆಯ ಮಾತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಂಬದೊಂದು ದೊಡ್ಡ ವಿಚಾರಣೆಯು ಕೆಲವು ವರ್ಷಗಳಿಗೊಮ್ಮೆ ನಡೆಯುತ್ತದೆ. ಅದರ ಐದನೆಯ ಸುತ್ತು ೨೦೧೯ರಿಂದ ೨೦೨೧ರ ವರೆಗೆ ನಡೆಯಿತು. ಏಳು ಲಕ್ಷಕ್ಕೂ ಮಿಕ್ಕಿ ಹೆಂಗಸರನ್ನೂ ಒಂದು ಲಕ್ಷಕ್ಕೂ ಮಿಕ್ಕಿ ಗಂಡಸರನ್ನೂ ಅದರಲ್ಲಿ ಮಾತನಾಡಿಸಿದರು. ಹಿಂದಿನ ಹನ್ನೆರಡು ತಿಂಗಳಲ್ಲಿ ಹೆಂಡತಿಯಲ್ಲದ, ಸಂಗಡ ಬಾಳುವವಳೂ ಅಲ್ಲದ ಸ್ತ್ರೀಯ ಸಂಗ ಮಾಡಿದೆನೆಂದು ಒಪ್ಪಿದ ಗಂಡಸರು ನೂರಕ್ಕೆ ನಾಲ್ವರು. ಅದೇ ಬಗೆಯ ಪ್ರಶ್ನೆಗೆ ಹೌದೆಂದ ಹೆಂಗಸರ ಲೆಕ್ಕವು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ.

ನಾಲ್ಕು! ಅತ್ತೆಯವರ ಲೆಕ್ಕದಂತೆ ನೂರಕ್ಕೆ ನೂರು. ಸರಕಾರದ ಲೆಕ್ಕದಂತೆ ನೂರಕ್ಕೆ ನಾಲ್ಕು. ಇಷ್ಟು ದೊಡ್ಡ ಅಂತರವಿರುವಲ್ಲಿ ಎರಡೂ ಲೆಕ್ಕಗಳನ್ನು ತಿರುವಿ ನೋಡಬೇಕಾಗುತ್ತದೆ.

ಈ ನಾಲ್ಕರಲ್ಲಿ ಇನ್ನೂ ಮದುವೆಯಾಗದ ತರುಣರೂ ಸೇರಿದ್ದಾರೆ. ಅವರನ್ನು ತೆಗೆದರೆ ಗಂಡಂದಿರ ಲೆಕ್ಕವು ಬೇರೆಯಾದೀತು. ಇನ್ನೊಂದು ಬದಿಗೆ, ಇದು ಒಂದು ವರ್ಷದ ಮಾತು, ಒಂದು ಜನ್ಮದ ಮಾತಲ್ಲ. ಎಲ್ಲಕ್ಕೂ ಮಿಗಿಲಾಗಿ, ಇದು ಒಪ್ಪಿಕೊಂಡವರ ಸಂಖ್ಯೆ. ಅಪರಿಚಿತನೊಬ್ಬನು ಮನೆಯ ಪಡಸಾಲೆಗೆ ಬಂದು ಕುಳಿತು ಪ್ರಶ್ನಾವಳಿಯನ್ನು ಓದುತ್ತಾನೆ; ಒಳಗೆ ಹೆಂಡತಿಯು ಚಹ ಕಾಸುತ್ತಿರುತ್ತಾಳೆ. ನಮ್ಮ ಸಿಂಧನೂರಿನ ಸೀಮೆಯ ರೈತನಿಗೆ ಈ ಸಲ ಎಕರೆಗೆ ಎಷ್ಟು ಚೀಲ ನೆಲ್ಲು ಬಂದಿತೆಂದು ಸಾಲ ಕೊಟ್ಟವನ ಎದುರಿಗೆ ಕೇಳಿನೋಡಿರಿ. ಚೀಲಗಳ ಸಂಖ್ಯೆ ಎಷ್ಟು ಇಳಿಯುತ್ತದೆಂಬದು ನಿಮಗೆ ಗೊತ್ತು. ಗಂಡಸಿನ ಬಾಯಿಂದ ಬಂದ ಈ ನಾಲ್ಕೂ ಹಾಗೆಯೇ ಇಳಿದು ಬಂದ ಅಂಕೆಯಾಗಿರಬಹುದು.

ಪರದೇಶಗಳಲ್ಲಿ ಈ ವಿಚಾರಣೆಯು ಹಳೆಯದು. ಅಮೇರಿಕೆಯಲ್ಲಿ ಕಿನ್ಸಿ ಎಂಬ ಪಂಡಿತನು ೧೯೪೮ರಲ್ಲಿ ಹೊರತಂದ ಗ್ರಂಥದಲ್ಲಿ ಮದುವೆಯಾದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರು ಒಂದಿಲ್ಲೊಂದು ಕಾಲಕ್ಕೆ ದಾರಿ ತಪ್ಪುತ್ತಾರೆಂದು ಬರೆದನು. ಆ ದೇಶವೇ ಬೆಚ್ಚಿಬಿದ್ದಿತು. ಆದರೆ ಅವನು ಮಾತನಾಡಿಸಿದವರು ಚೀಟಿಯೆತ್ತಿದಂತೆ ಎಲ್ಲೆಡೆಯಿಂದ ಆಯ್ದವರಲ್ಲ. ಬಹಳ ಮಟ್ಟಿಗೆ ತಾವಾಗಿಯೇ ಮುಂದೆ ಬಂದವರು. ಹೇಳಲು ಕಥೆಯಿದ್ದವನೇ ಮುಂದೆ ಬರುತ್ತಾನೆಂಬದು ಯಾವ ಕಟ್ಟೆಯ ಮೇಲೆ ಕುಳಿತವರಿಗಾದರೂ ತಿಳಿದ ಸಂಗತಿ. ಅಲ್ಲಿಯೇ ೧೯೭೨ರಿಂದ ನಡೆದು ಬಂದ ಜನರಲ್ ಸೋಶಿಯಲ್ ಸರ್ವೆ ಎಂಬ ಕ್ರಮಬದ್ಧ ವಿಚಾರಣೆಯಲ್ಲಿ, ದಾಂಪತ್ಯದಲ್ಲಿದ್ದಾಗ ಎಂದಾದರೂ ತಪ್ಪಿ ನಡೆದೆವೆಂದು ಹೇಳುವವರು ಗಂಡಸರಲ್ಲಿ ಸುಮಾರು ಐವರಿಗೆ ಒಬ್ಬರು, ಹೆಂಗಸರಲ್ಲಿ ಸುಮಾರು ಎಂಟು ಜನರಿಗೆ ಒಬ್ಬರು. ಇದು ಇಡೀ ಜೀವಮಾನದ ಲೆಕ್ಕ. ನಮಗಿಂತ ಎಷ್ಟೋ ಸಡಿಲಾದ ಬಾಳಿನವರೆಂದು ನಾವು ಮೂಗುಮುರಿಯುವ ಆ ಜನರಲ್ಲಿಯೂ ಐವರಲ್ಲಿ ನಾಲ್ವರು ಗಂಡಸರು ಇಲ್ಲವೆನ್ನುತ್ತಾರೆ.

ಹೀಗಿರಲು, ನಮ್ಮ ನಾಲ್ಕನ್ನು ಇಮ್ಮಡಿಸಿರಿ, ಐದು ಪಟ್ಟು ಮಾಡಿರಿ. ಇಪ್ಪತ್ತಾಗುವದೇ ಹೊರತು ನೂರಾಗುವದಿಲ್ಲ. ಅತ್ತೆಯವರ ಲೆಕ್ಕವು ತಪ್ಪು. ಇದಿಷ್ಟನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವದು ಅಷ್ಟು ಸಮಾಧಾನದ ಮಾತಲ್ಲ.

ಸಮೀಕ್ಷೆಯ ಆ ಎರಡು ಅಂಕೆಗಳನ್ನು ಮಗ್ಗಿ ಬಲ್ಲ ಹುಡುಗನ ಮುಂದೆ ಇಟ್ಟರೆ ಅವನು ಒಂದು ಪ್ರಶ್ನೆಯನ್ನು ಕೇಳಿಯಾನು. ಹೌದೆಂದ ಗಂಡಸರು ನಾಲ್ವರು. ಹೌದೆಂದ ಹೆಂಗಸರು ಒಬ್ಬರೂ ಪೂರ್ತಿ ಇಲ್ಲ. ಹಾಗಾದರೆ ಆ ಗಂಡಸರು ಹೋದದ್ದು ಯಾರ ಮನೆಗೆ? ಹೆಂಗಸರು ಹೆಚ್ಚು ಮರೆಮಾಚಿರಬಹುದು; ಮಾಚದೆ ಇದ್ದರೆ ಅವರಿಗೆ ಆಗುವ ಶಿಕ್ಷೆಯು ಗಂಡಸರಿಗೆ ಆಗುವದರ ಹತ್ತು ಪಟ್ಟು. ಅಥವಾ ಬಹಳ ಗಂಡಸರ ಭಾರವು ಕೆಲವೇ ಹೆಂಗಸರ ಮೇಲೆ ಬಿದ್ದಿರಬಹುದು. ನಮ್ಮ ಈ ಸೀಮೆಯಲ್ಲಿ ಅಂಥ ಕೆಲವು ಹೆಂಗಸರು ಯಾರೆಂಬದನ್ನು ಸರಕಾರದ ದಫ್ತರದಲ್ಲಿಯೇ ಕಾಣಬಹುದು.

ಮುತ್ತು ಕಟ್ಟುವ ಪದ್ಧತಿಯನ್ನು ಕಲಬುರ್ಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಬೆಳಗಾವಿಗಳ ಕಡೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಬಡವರ, ಬಹುತರ ದಲಿತರ ಮನೆಯ ಹುಡುಗಿಗೆ ಎಲ್ಲಮ್ಮನ ಹೆಸರಿನಲ್ಲೋ ಹುಲಿಗೆಮ್ಮನ ಹೆಸರಿನಲ್ಲೋ ಕೊರಳಿಗೆ ಮುತ್ತು ಕಟ್ಟುವರು. ಬಳಿಕ ಅವಳಿಗೆ ಮದುವೆಯಿಲ್ಲ. ಊರಿನ ಹೊಲಮನೆಯುಳ್ಳ ಯಾರೋ ಒಬ್ಬ ಗೃಹಸ್ಥನು ಅವಳನ್ನು ಇಟ್ಟುಕೊಳ್ಳುವನು. ಆ ಗೃಹಸ್ಥನಿಗೆ ಮದುವೆಯಾಗಿರುವದು ಸಾಧಾರಣ ಸಂಗತಿ. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿಯೇ ಇದರ ವಿರುದ್ಧ ಕಾಯಿದೆಯಾಯಿತು, ಮದ್ರಾಸಿನಲ್ಲಿ ೧೯೪೭ರಲ್ಲಿ ಆಯಿತು. ನಮ್ಮ ರಾಯಚೂರು ಸೀಮೆಯು ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತಾದ್ದರಿಂದ ಆ ಕಾಯಿದೆಗಳು ಇಲ್ಲಿಗೆ ತಲುಪಲಿಲ್ಲ. ಕರ್ನಾಟಕದ ಕಾಯಿದೆಯು ೧೯೮೨ರಲ್ಲಿ ಬಂದಿತು. ೧೯೯೩-೯೪ರಲ್ಲಿ ಸರಕಾರವು ಮನೆಮನೆಗೆ ಹೋಗಿ ಎಣಿಸಿದಾಗ ೨೨,೮೭೩ ಜನ ದೇವದಾಸಿಯರು ಸಿಕ್ಕರು. ೨೦೦೭-೦೮ರ ಎಣಿಕೆಯನ್ನೂ ಕೂಡಿಸಿದರೆ ೪೬,೬೬೦.

ನಾಲ್ವತ್ತಾರು ಸಾವಿರದ ಆರುನೂರ ಅರವತ್ತು. ಒಬ್ಬೊಬ್ಬಳ ಹೆಸರು, ಊರು, ವಯಸ್ಸು, ಮಕ್ಕಳ ಸಂಖ್ಯೆ ಎಲ್ಲವೂ ಬರೆದಿಟ್ಟದ್ದುಂಟು. ಅವರ ಮನೆಗಳಿಗೆ ಹೋಗಿಬಂದ ಗಂಡಂದಿರ ಪಟ್ಟಿಯು ಮಾತ್ರ ಯಾವ ದಫ್ತರದಲ್ಲಿಯೂ ಇಲ್ಲ. ೧೯೮೨ರ ಕಾಯಿದೆಯು ಮುತ್ತು ಕಟ್ಟಿದವರನ್ನೂ ಕಟ್ಟಿಸಿದ ತಂದೆತಾಯಿಗಳನ್ನೂ ಶಿಕ್ಷೆಗೆ ಗುರಿಪಡಿಸಿತು. ಕಟ್ಟಿದ ಮೇಲೆ ಇಟ್ಟುಕೊಂಡ ಧಣಿಯ ಸುದ್ದಿಯನ್ನು ಎತ್ತಲಿಲ್ಲ.

ಸರಕಾರದ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವದು ನನಗೆ ಸಲ್ಲದು, ಏಕೆಂದರೆ ಆ ಪಟ್ಟಿಯ ಒಂದು ಸಾಲನ್ನು ಖಾಲಿ ಬಿಟ್ಟವನು ನಾನೇ. ೧೯೯೪ರ ಜೂನ್ ತಿಂಗಳು. ಆಗ ನಾನಿದ್ದ ಊರಿನ ಶಾಲೆಯಲ್ಲಿ ಹೊಸ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಕೆಲಸವು ಕಿರಿಯ ಮಾಸ್ತರನಾದ ನನ್ನ ಪಾಲಿಗೆ ಬಂದಿತ್ತು. ಒಬ್ಬ ತಾಯಿ ಆರು ವರ್ಷದ ಹುಡುಗನ ಕೈಹಿಡಿದು ಬಂದು ಮೇಜಿನಿಂದ ಮೂರು ಮೊಳ ದೂರ ನಿಂತಳು. ಹುಡುಗನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಹೆಸರು ಕೇಳಿದೆನು, ಬರೆದೆನು. ವಯಸ್ಸು ಕೇಳಿದೆನು, ಬರೆದೆನು. "ತಂದೆಯ ಹೆಸರು?" ಎಂದೆನು. ಅವಳು ನನ್ನ ಮುಖವನ್ನೇ ನೋಡಿ, ಧ್ವನಿಯನ್ನು ಏರಿಸದೆ ಇಳಿಸದೆ, "ನಿಮಗ ಗೊತ್ತೈತಲ್ಲರಿ ಸರ" ಎಂದಳು.

ನನಗೆ ಗೊತ್ತಿದ್ದಿತು. ನಾನು ಬಾಡಿಗೆಗಿದ್ದ ಮನೆಯ ಒಡೆಯರೇ ಆ ಹುಡುಗನ ತಂದೆ. ಊರಿನ ಮಾನ್ಯ ಗೃಹಸ್ಥರು, ಮೂರು ಮಕ್ಕಳು, ಸೋಮವಾರ ಒಪ್ಪತ್ತು, ಸಾಲೆಯ ಗಡಿಯಾರವು ಅವರ ದಾನ. ನಾನು ಆ ಚೌಕದಲ್ಲಿ ಒಂದು ಅಡ್ಡಗೆರೆಯನ್ನು ಎಳೆದೆನು. ಗೆರೆ ನೆಟ್ಟಗೆ ಬರಲೆಂದು ಅಳತೆಪಟ್ಟಿಯನ್ನು ಇಟ್ಟು ಎಳೆದದ್ದು ಈಗಲೂ ನೆನಪಿದೆ. ಅದೇ ಸಂಜೆ ಆ ಮನೆಯ ಯಜಮಾನಿಯು ಎಂದಿನಂತೆ ನಮ್ಮ ಮನೆಗೆ ಒಂದು ತಂಬಿಗೆ ಮಜ್ಜಿಗೆಯನ್ನು ಕಳುಹಿದಳು. ಅವಳಿಗೂ ಗೊತ್ತಿದ್ದಿತು. ಆ ಊರಿನಲ್ಲಿ ಗೊತ್ತಿಲ್ಲದವರು ಯಾರೂ ಇದ್ದಿಲ್ಲ. ಬರೆದಿಟ್ಟವರು ಮಾತ್ರ ಯಾರೂ ಇಲ್ಲ. ಸಮೀಕ್ಷೆಯವರು ಅಂದು ಆ ಗೃಹಸ್ಥರ ಪಡಸಾಲೆಗೆ ಬಂದು ಕೇಳಿದ್ದರೆ ಅವರು ತೊಂಬತ್ತಾರರಲ್ಲಿ ಒಬ್ಬರಾಗಿ ಎಣಿಕೆಯಾಗುತ್ತಿದ್ದರೆಂಬದರಲ್ಲಿ ನನಗೆ ಸಂಶಯವಿಲ್ಲ.

ಈಗಿನ ಸಂಗತಿಯು ಒಂದಿಷ್ಟು ಬದಲಾಗಿದೆ. ೨೦೨೫ರಲ್ಲಿ ನಮ್ಮ ವಿಧಾನಮಂಡಲವು ದೇವದಾಸಿಯರ ವಿಷಯದಲ್ಲಿ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ಅವರ ಮಕ್ಕಳಿಗೆ ತಂದೆಯ ಹೆಸರನ್ನು ಬರೆಯಲೇಬೇಕೆಂದು ಒತ್ತಾಯಿಸಬಾರದೆಂದೂ, ಮಕ್ಕಳೇ ಬಯಸಿದರೆ ತಂದೆ ಯಾರೆಂಬದನ್ನು ನಿರ್ಣಯಿಸಿಕೊಳ್ಳುವ ಹಕ್ಕು ಅವರಿಗಿದೆಯೆಂದೂ ಅದರ ತಾತ್ಪರ್ಯ. ಹಳೆಯ ಕಾಯಿದೆಯು ಎತ್ತದೆ ಬಿಟ್ಟ ಗಂಡಸು ಹೀಗೆ ಮಗನ ಮುಖಾಂತರವಾಗಿ ಮೊದಲ ಸಲ ಕಾಗದದ ಮೇಲೆ ಬರುವಂತಾಯಿತು. ನಾನು ಅಡ್ಡಗೆರೆ ಎಳೆದ ಹುಡುಗನಿಗೆ ಈಗ ಮೂವತ್ತೇಳರ ಸುಮಾರು ವಯಸ್ಸು. ೨೦೧೭ರಲ್ಲಿ ಅವನ ಮದುವೆಯ ಆಮಂತ್ರಣವು ನನಗೆ ಬಂದಿತ್ತು. ಅದರಲ್ಲಿ ತಾಯಿಯ ಹೆಸರನ್ನು ಮಾತ್ರ, ದಪ್ಪ ಅಕ್ಷರಗಳಲ್ಲಿ, ಅಚ್ಚು ಹಾಕಿಸಿದ್ದನು.

ಹೆಂಗಸರನ್ನು ಎಣಿಸುವ, ಗಂಡಸರನ್ನು ಬಿಡುವ ಈ ರೂಢಿಯು ದಫ್ತರದಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ನಾಲಗೆಯಲ್ಲಿಯೇ ಇದೆ. ಹಾದರಗಿತ್ತಿ ಎಂಬ ಬೈಗಳನ್ನು ನಾನು ನಳದ ಹತ್ತಿರದ ಜಗಳಗಳಲ್ಲಿ ನೂರಾರು ಸಲ ಕೇಳಿದ್ದೇನೆ. ಹಾದರಿಗ ಎಂಬ ಪುಲ್ಲಿಂಗವೂ ನಿಘಂಟಿನಲ್ಲಿ ಇದೆ. ಅರವತ್ತು ವರ್ಷಗಳಲ್ಲಿ ಅದನ್ನು ಒಬ್ಬರ ಬಾಯಿಂದಲೂ ನಾನು ಕೇಳಿಲ್ಲ. ಸವತಿ ಎಂಬ ಶಬ್ದಕ್ಕೆ ಪ್ರತಿಯಾದ ಗಂಡು ಶಬ್ದವೇ ಇಲ್ಲ. ಪತಿವ್ರತೆಯರ ಕಥೆಗಳನ್ನು ಮಕ್ಕಳೂ ಹೇಳಬಲ್ಲರು. ಏಕಪತ್ನೀವ್ರತಸ್ಥರು ಯಾರೆಂದು ಕೇಳಿದರೆ ಶ್ರೀರಾಮನ ಹೆಸರನ್ನು ಹೇಳಿ ಎರಡನೆಯ ಹೆಸರಿಗೆ ತಡವರಿಸುತ್ತಾರೆ. ಇರುವವರಲ್ಲಿ ಒಬ್ಬನನ್ನು ಹುಡುಕಿ ಹೊಗಳಬೇಕಾಗಿ ಬಂದದ್ದು ಉಳಿದವರ ವಿಷಯದಲ್ಲಿ ಏನನ್ನು ಹೇಳುತ್ತದೆ?

ನಾನು ಕಲಿತ ಕಾವ್ಯಶಾಸ್ತ್ರವೂ ಈ ಮಾತಿಗೆ ಹೊರತಲ್ಲ. ಶೃಂಗಾರರಸದ ನಾಯಕನನ್ನು ನಮ್ಮ ಲಾಕ್ಷಣಿಕರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಒಬ್ಬಳಲ್ಲಿಯೇ ನಿಷ್ಠೆಯುಳ್ಳವನು ಅನುಕೂಲ. ಹಲವರನ್ನು ಸಮಭಾವದಿಂದ ಕಾಣುವವನು ದಕ್ಷಿಣ. ಮುಚ್ಚಿಟ್ಟು ವಂಚಿಸುವವನು ಶಠ. ಸಿಕ್ಕಿಬಿದ್ದ ಮೇಲೂ ನಾಚದವನು ಧೃಷ್ಟ. ನಾಲ್ವರಲ್ಲಿ ನೆಟ್ಟಗಿರುವವನು ಒಬ್ಬನೇ! ಗಂಡನು ಬೇರೆಡೆ ರಾತ್ರಿ ಕಳೆದು ಬೆಳಗಿಗೆ ಬಂದಾಗ ನೊಂದು ನಿಂತ ಹೆಂಡತಿಗೆ ಖಂಡಿತಾ ಎಂದು ಹೆಸರಿಟ್ಟು, ಆ ನೋವನ್ನು ಎಂಟು ಅವಸ್ಥೆಗಳಲ್ಲಿ ಒಂದೆಂದು ಎಣಿಸಿದರು. ಈ ಪಾಠವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದೆನು, ಹುಡುಗರು ಬಾಯಿಪಾಠ ಒಪ್ಪಿಸಿದರು, ಪರೀಕ್ಷೆಯಲ್ಲಿ ಬರೆದು ಗುಣಗಳನ್ನು ಪಡೆದರು. ಖಂಡಿತೆಯು ಒಬ್ಬ ಹೆಂಗಸೆಂಬದು ನನ್ನ ಲಕ್ಷ್ಯಕ್ಕೆ ಬಂದದ್ದು ತಡವಾಗಿ.

ಶೂದ್ರಕನ ಮೃಚ್ಛಕಟಿಕದ ಚಾರುದತ್ತನನ್ನು ಸಜ್ಜನರ ಶಿರೋಮಣಿಯೆಂದು ಹೊಗಳುತ್ತೇವೆ. ಸಜ್ಜನನೇ ಸರಿ, ಆದರೆ ಮನೆಯಲ್ಲಿ ಧೂತೆಯೆಂಬ ಧರ್ಮಪತ್ನಿಯಿದ್ದಾಳೆ, ಮಗನಿದ್ದಾನೆ. ವಸಂತಸೇನೆಯು ನಂಬಿ ಇಟ್ಟ ಒಡವೆಗಳು ಕಳುವಾದಾಗ ಗಂಡನ ಮಾನ ಉಳಿಯಲೆಂದು ತನ್ನ ರತ್ನಮಾಲೆಯನ್ನು ತೆಗೆದುಕೊಟ್ಟವಳು ಈ ಧೂತೆ. ಗಂಡನು ಒಲಿದ ಗಣಿಕೆಯ ಒಡವೆಗೆ ಹೆಂಡತಿಯ ಮಾಲೆಯು ಬದಲಿ! ನಾಟಕವನ್ನು ಓದಿದವರಲ್ಲಿ ಎಷ್ಟು ಜನರಿಗೆ ಈಗ ಆಕೆಯ ಹೆಸರು ನೆನಪಿರುವದೋ ತಿಳಿಯದು. ಇನ್ನು ಮನುವಿನ ಮಾತು. ಒಂಬತ್ತನೆಯ ಅಧ್ಯಾಯದಲ್ಲಿ ಆತನು ಸತಿಪತಿಗಳು ಸಾಯುವ ವರೆಗೂ ಒಬ್ಬರಿಗೊಬ್ಬರು ತಪ್ಪದೆ ನಡೆಯುವದೇ ಪರಮಧರ್ಮವೆನ್ನುತ್ತಾನೆ. ಅಲ್ಲಿ ಇಬ್ಬರಿಗೂ ಒಂದೇ ಅಳತೆ. ಐದನೆಯ ಅಧ್ಯಾಯದಲ್ಲಿ ಗಂಡನು ಶೀಲಗೆಟ್ಟವನಾದರೂ ಸಾಧ್ವಿಯು ದೇವರಂತೆ ಕಾಣಬೇಕೆನ್ನುತ್ತಾನೆ. ಪುರಾಣಿಕರ ಬಾಯಲ್ಲಿ ಐದನೆಯ ಅಧ್ಯಾಯವನ್ನು ನಾನು ಕೇಳಿದಷ್ಟು ಸಲ ಒಂಬತ್ತನೆಯದನ್ನು ಕೇಳಲಿಲ್ಲ.

ಗಂಡಂದಿರು ಬಾಯಿಂದ ಹೇಳದ ಲೆಕ್ಕವು ಒಮ್ಮೆ ಬೇರೊಂದು ದಾರಿಯಿಂದ ಹೊರಬಿದ್ದಿತು. ಏಡ್ಸ್ ರೋಗವು ನಮ್ಮ ದೇಶದಲ್ಲಿ ೧೯೮೬ರಲ್ಲಿ ಮೊದಲು ಪತ್ತೆಯಾಯಿತು. ಅದು ಪೇಟೆಯ ಸೂಳೆಗೇರಿಗಳ ರೋಗವೆಂದು ಗೃಹಸ್ಥರು ನಿಶ್ಚಿಂತರಾಗಿದ್ದರು. ಪುಣೆಯಲ್ಲಿ ವೈದ್ಯರು ಗುಪ್ತರೋಗಗಳ ಚಿಕಿತ್ಸಾಲಯಕ್ಕೆ ಬಂದ ಹೆಂಗಸರ ನೆತ್ತರನ್ನು ಪರೀಕ್ಷಿಸಿ ೧೯೯೭ರಲ್ಲಿ ಫಲವನ್ನು ಪ್ರಕಟಿಸಿದರು. ಆ ವೃತ್ತಿಯವರಲ್ಲದ ೩೯೧ ಜನ ಹೆಂಗಸರು ಅದರಲ್ಲಿದ್ದರು. ಬಹುತೇಕ ಗಂಡನನ್ನು ಬಿಟ್ಟು ಬೇರೆ ಗಂಡಸನ್ನು ಅರಿಯದ ಗೃಹಿಣಿಯರು. ಅವರಲ್ಲಿ ನೂರಕ್ಕೆ ಹದಿಮೂರಕ್ಕೂ ಮಿಕ್ಕಿ ಜನರಲ್ಲಿ ರೋಗದ ಬೀಜವು ಕಂಡಿತು. ರೋಗಿಗಳಾಗಿ ಬಂದವರ ಲೆಕ್ಕವಿದು, ಊರಿನ ಎಲ್ಲ ಹೆಂಡಂದಿರ ಲೆಕ್ಕವಲ್ಲ, ಹಿಗ್ಗಿಸಿ ಹೇಳಬಾರದು. ಆದರೂ ಪಡಸಾಲೆಯಲ್ಲಿ ಗಂಡನು ಇಲ್ಲವೆಂದ ಮಾತನ್ನು ಹೆಂಡತಿಯ ನೆತ್ತರು ಹೌದೆಂದಿತು. ಆ ಕಾಲಕ್ಕೆ ಕರ್ನಾಟಕವೂ ರೋಗವು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಒಂದಾಗಿತ್ತು. ನಮ್ಮ ಭಾಗದಿಂದ ಗುಳೆ ಹೋದ ಗಂಡಸರ ಮೇಲೆ, ಲಾರಿ ನಡೆಸುವವರ ಮೇಲೆ ಜನರು ಬೆರಳು ತೋರಿಸಿದರು. ಬಡವನು ಊರು ಬಿಟ್ಟು ಹೋಗಿ ತಪ್ಪಿದರೆ ಅದು ರೋಗವಾಗುತ್ತದೆ, ಸಿರಿವಂತನು ಊರೊಳಗೇ ಇದ್ದು ತಪ್ಪಿದರೆ ಅದು ರೂಢಿಯಾಗುತ್ತದೆ! ನನ್ನ ಹಳೆಯ ಮನೆಯೊಡೆಯರು ಸಿಂಧನೂರಿನ ಆಚೆಗೆ ಒಂದು ರಾತ್ರಿ ಕಳೆದವರಲ್ಲ.

ಕಾನೂನಿನ ವಿಷಯದಲ್ಲಿ ಗೃಹಸ್ಥರಲ್ಲಿ ಒಂದು ತಪ್ಪು ತಿಳಿವಳಿಕೆಯು ಹಬ್ಬಿದೆ. ಸುಪ್ರೀಮ್ ಕೋರ್ಟು ೨೦೧೮ರ ಸಪ್ಟಂಬರ ೨೭ರಂದು ದಂಡಸಂಹಿತೆಯ ೪೯೭ನೆಯ ಕಲಮನ್ನು ತೆಗೆದುಹಾಕಿದ್ದರಿಂದ ಇನ್ನು ಮೇಲೆ ಇದು ತಪ್ಪೇ ಅಲ್ಲವೆಂದು ಚಹದ ಅಂಗಡಿಗಳಲ್ಲಿ ನಗುತ್ತ ಮಾತನಾಡಿದ್ದನ್ನು ಕೇಳಿದ್ದೇನೆ. ೧೮೬೦ರ ಆ ಕಲಮಿನಲ್ಲಿ ಇದ್ದದ್ದೇನು? ಪರರ ಹೆಂಡತಿಯನ್ನು ಆಕೆಯ ಗಂಡನ ಒಪ್ಪಿಗೆಯಿಲ್ಲದೆ ಕೂಡಿದವನಿಗೆ ಐದು ವರ್ಷಗಳ ವರೆಗೆ ಶಿಕ್ಷೆ. ಫಿರ್ಯಾದಿಯನ್ನು ಕೊಡತಕ್ಕವನು ಆ ಹೆಂಗಸಿನ ಗಂಡ. ತಪ್ಪಿದವನ ಸ್ವಂತ ಹೆಂಡತಿಗೆ ಫಿರ್ಯಾದಿಯ ಹಕ್ಕೇ ಇರಲಿಲ್ಲ. ಅವನು ವಿಧವೆಯ ಮನೆಗೋ, ಮುತ್ತು ಕಟ್ಟಿಸಿಕೊಂಡವಳ ಮನೆಗೋ ಹೋದರೆ ಅದು ಅಪರಾಧವೇ ಅಲ್ಲ. ಎತ್ತು ಬೇರೆಯವರ ಹೊಲಕ್ಕೆ ನುಗ್ಗಿದರೆ ಹೊಲದ ಒಡೆಯನು ದೂರು ಕೊಡುವಂತೆ ಬರೆದ ಕಾಯಿದೆ. ಹೆಂಡತಿಯನ್ನು ಗಂಡನ ಸೊತ್ತಿನಂತೆ ಎಣಿಸಿದ ಕಲಮೆಂದೇ ನ್ಯಾಯಮೂರ್ತಿಗಳು ಅದನ್ನು ಕಿತ್ತುಹಾಕಿದರು. ನಮ್ಮ ಕಾಗದದ ತಾಯಿಗೆ ಅದು ಇದ್ದಾಗಲೂ ಒಂದು ಕಾಸಿನ ಉಪಯೋಗವಿರಲಿಲ್ಲ.

ಆಕೆಗೆ ಉಪಯೋಗವಾಗುವದು ಬೇರೆ ಇದೆ. ಅದನ್ನು ಚಹದ ಅಂಗಡಿಯವರು ಹೇಳುವದಿಲ್ಲ. ೧೯೫೫ರ ಹಿಂದೂ ವಿವಾಹ ಕಾಯಿದೆಯಂತೆ ಗಂಡನ ವ್ಯಭಿಚಾರವು ವಿಚ್ಛೇದನಕ್ಕೆ ಕಾರಣವಾಗುತ್ತದೆ. ಮೊದಲು ಅವನು ಅದರಲ್ಲಿಯೇ ಬಾಳುತ್ತಿದ್ದಾನೆಂದು ತೋರಿಸಬೇಕಾಗಿತ್ತು. ೧೯೭೬ರ ತಿದ್ದುಪಡಿಯ ತರುವಾಯ ಒಂದು ಸಲದ ತಪ್ಪೂ ಸಾಕು. ವಿಚ್ಛೇದನ ಬೇಡವೆಂದರೂ, ಗಂಡನು ಬೇರೊಬ್ಬಳನ್ನು ಇಟ್ಟುಕೊಂಡಿದ್ದರೆ ಅವನ ಸಂಗಡ ಇರಲು ಒಲ್ಲೆನೆಂದು ಬೇರೆ ನಿಂತು ಜೀವನಾಂಶವನ್ನು ಕೇಳಲು ಹೆಂಡತಿಗೆ ಅಧಿಕಾರವಿದೆ. ಹಳೆಯ ಸಂಹಿತೆಯ ೧೨೫ನೆಯ ಕಲಮಿನಲ್ಲಿದ್ದ ಈ ಮಾತು ೨೦೨೪ರ ಜುಲೈ ೧ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನಲ್ಲಿದೆ. ಹೆಂಗಸರಿಗೆ, ಅವರ ಆದಾಯವೆಷ್ಟೇ ಇರಲಿ, ೧೯೮೭ರ ಕಾಯಿದೆಯಂತೆ ವಕೀಲರನ್ನು ಪುಕ್ಕಟೆಯಾಗಿ ಒದಗಿಸಬೇಕು. ಅದಕ್ಕಾಗಿ ತಾಲೂಕು ಕೋರ್ಟಿನ ಆವಾರದಲ್ಲಿ ಕಾನೂನು ಸೇವಾ ಸಮಿತಿಯಿರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ರಕ್ತದ ಪರೀಕ್ಷೆಯೂ ಪುಕ್ಕಟೆ, ಗುಪ್ತ. ತಾಯೀ, ಮಿಕ್ಕದ್ದನ್ನು ಮಾಡುವದೂ ಬಿಡುವದೂ ನಿಮ್ಮ ಇಚ್ಛೆ. ರಕ್ತದ ಪರೀಕ್ಷೆಯನ್ನು ಮಾತ್ರ ಈ ವಾರವೇ ಮಾಡಿಸಿಕೊಳ್ಳಿರಿ.

ಇನ್ನು ಎಲ್ಲರೂ ಹಾಗೆಯೇ ಎಂಬ ಮಾತಿನ ಕಡೆಗೆ ಬರುವೆನು. ಸುಳ್ಳಾದರೂ ಅದು ಏಕೆ ಇಷ್ಟು ಗಟ್ಟಿಯಾಗಿ ಬಾಳುತ್ತದೆ? ಅದರಿಂದ ಯಾರಿಗೆ ಲಾಭ? ತಪ್ಪಿದ ನಾಲ್ವರಿಗೆ, ಇಪ್ಪತ್ತೆಂದರೆ ಇಪ್ಪತ್ತು ಜನರಿಗೆ, ಅದು ಒಳ್ಳೆಯ ಕಂಬಳಿ. ಉಳಿದ ಎಂಬತ್ತು ಜನರನ್ನು ಹೊದ್ದುಕೊಂಡು ಮಲಗಬಹುದು. ಆದರೆ ಆ ಎಂಬತ್ತು ಜನರು ತಮ್ಮ ಮೇಲೆ ಬಂದ ಈ ಅಪವಾದವನ್ನು ಏಕೆ ತಳ್ಳಿಹಾಕುವದಿಲ್ಲ? ಕಳ್ಳರೆಲ್ಲರೂ ಹೀಗೆಯೇ ಎಂದು ನಮ್ಮನ್ನು ಸೇರಿಸಿ ಯಾರಾದರೂ ಹೇಳಿದರೆ ಸಿಡಿದೇಳುವ ನಾವು, ಗಂಡಸರೆಲ್ಲ ಹೀಗೆಯೇ ಎಂದಾಗ ಮೀಸೆಯಲ್ಲಿ ನಗುತ್ತೇವೆ. ಆ ಮಾತು ನಮ್ಮನ್ನು ಬೈಯುವದರ ಜೊತೆಗೆ ಒಂದಿಷ್ಟು ಹೊಗಳಿದಂತೆಯೂ ನಮಗೆ ಕೇಳಿಸುತ್ತದೆ. ಅಂಗಡಿಯ ಬಾಕಿನ ಮೇಲೆ ಒಬ್ಬನು ತನ್ನ ಪರಾಕ್ರಮವನ್ನು ಹೇಳಿಕೊಳ್ಳುವಾಗ ಸುತ್ತಲಿನ ಹತ್ತು ಜನ ಸಂಭಾವಿತರು ಎದ್ದುಹೋಗುವದಿಲ್ಲ. ಇನ್ನೊಂದು ಚಹ ತರಿಸುತ್ತಾರೆ. ನನ್ನ ಮನೆಯೊಡೆಯರು ಒಮ್ಮೆ ಹಾಗೆ ಮಾತನಾಡಿದಾಗ ಅಲ್ಲಿ ನಕ್ಕವರಲ್ಲಿ ನಾನೂ ಇದ್ದೆನು. ಬಾಡಿಗೆಯ ಮನೆಯ ಮುಲಾಜು ಎಂದು ಆಗ ನನಗೆ ನಾನೇ ಹೇಳಿಕೊಂಡೆನು.

ಆದಕಾರಣ, ತಾಯೀ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವು ಹೀಗೆ: ಎಲ್ಲರೂ ಹಾಗಲ್ಲ, ಹೆಚ್ಚಿನವರು ಹಾಗಲ್ಲ. ನೂರಕ್ಕೆ ಇಂತಿಷ್ಟೇ ಎಂದು ಆಣೆಮಾಡಿ ಹೇಳತಕ್ಕ ಅಂಕೆಯು ಯಾರ ಹತ್ತಿರವೂ ಇಲ್ಲ. ಒಪ್ಪಿಕೊಂಡ ಲೆಕ್ಕಕ್ಕಿಂತ ಹೆಚ್ಚು, ನಿಮ್ಮ ಅತ್ತೆಯವರ ಲೆಕ್ಕಕ್ಕಿಂತ ಬಹಳ ಕಡಿಮೆ. ನಿಮ್ಮ ಯಜಮಾನರು ಮಾಡಿದ್ದು ಗಂಡುಕುಲದ ಸ್ವಭಾವವಲ್ಲ, ಅವರು ಮಾಡಿದ ಕೆಲಸ. ಅವರನ್ನು ಕೇಳುವಾಗ ಅವರೊಬ್ಬರನ್ನೇ ನಿಲ್ಲಿಸಿ ಕೇಳಿರಿ, ನೂರು ಜನರ ಹಿಂದೆ ನಿಲ್ಲಗೊಡಬೇಡಿರಿ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿರಿ. ನಿಮ್ಮ ಕಾಗದವನ್ನು ನಾಲ್ಕನೆಯ ಸಲ ಓದುವಾಗ, ಆಕೆಯು ಕಣ್ಣೊರೆಸಿದ್ದು ನಿಮ್ಮದಾದರೂ ಅಡಿಗೆಮನೆಗೆ ಅಷ್ಟು ಬೇಗ ಏಕೆ ಹೋದರೆಂದು ನನಗೆ ಅನ್ನಿಸಿತು. ಬಿಡುವಿನ ಒಂದು ಮಧ್ಯಾಹ್ನ, ಗಂಡಸರು ಯಾರೂ ಮನೆಯಲ್ಲಿ ಇಲ್ಲದಾಗ, ಈ ಪುಟವನ್ನು ಅವರಿಗೆ ಓದಿ ತೋರಿಸಿರಿ. ಗಂಡಸರೆಲ್ಲ ಹಂಗೇ ಎಂಬ ಮಾತನ್ನು ಅವರು ಮೊದಲ ಸಲ ಯಾರ ಬಾಯಿಂದ ಕೇಳಿದರು, ಆಗ ಅವರ ವಯಸ್ಸೆಷ್ಟಿತ್ತು ಎಂದು ನಿಧಾನವಾಗಿ ಕೇಳಿರಿ. ಉತ್ತರವನ್ನು ನನಗೆ ತಿಳಿಸಬೇಕೆಂದಿಲ್ಲ.